ನೂರಾ ಅರವತ್ತು ಹಗ್ಗ

ಜವಳಗೇರಾ
20 ಜುಲೈ 2025

ರೇಣುಕಾದೇವಿಗೆ,

ನಿನ್ನ ಅಜ್ಜಿ ಆದಮ್ಮ ಬರೆಯುವುದು. ಇಲ್ಲಿ ಎಲ್ಲರೂ ಉಣ್ಣುತ್ತೇವೆ, ದುಡಿಯುತ್ತೇವೆ. ನೀನೂ ಅಷ್ಟು ಮಾಡಿದರೆ ಸಾಕು. ಲಿಂಗಸುಗೂರಿನ ನಿನ್ನ ಕ್ರೀಡಾ ಹಾಸ್ಟೆಲಿನಲ್ಲಿ ಮೊಬೈಲು ಇಟ್ಟುಕೊಳ್ಳಲು ಬಿಡುವುದಿಲ್ಲ, ಭಾನುವಾರ ಐದು ನಿಮಿಷ ಮಾತ್ರ ಕೊಡುತ್ತಾರೆ ಎಂದು ತಿಳಿಯಿತು. ಒಳ್ಳೆಯ ಕಾನೂನು. ಆ ಐದು ನಿಮಿಷ ನಿಮ್ಮವ್ವ ಉಮಾದೇವಿಗೆ ಕೊಡು, ಅವಳಿಗೆ ಅಳುವುದಕ್ಕೆ ಬೇಕಾಗುತ್ತದೆ. ನನಗೆ ಕಾಗದ ಬರೆ. ಫೋನಿನಲ್ಲಿ ಆಡಿದ್ದನ್ನು ಎರಡನೆಯ ಸಲ ಓದಲು ಬರುವುದಿಲ್ಲ.

ಆಯ್ಕೆಯ ದಿನ ಮಳೆ ಹೊಡೆದು ಓಟವೇ ಆಗಲಿಲ್ಲ, ಅರ್ಜಿಯಲ್ಲಿ ಬರೆದದ್ದನ್ನು ನೋಡಿ ಸೇರಿಸಿಕೊಂಡರು ಎಂದು ನೀನು ಬೇಸರ ಮಾಡಿಕೊಂಡೆ. ಬೇಸರ ಯಾಕೆ? ಅರ್ಜಿ ತುಂಬಿದವಳು ನಾನು. ಹತ್ತನೆಯ ತರಗತಿವರೆಗೆ ಓದಿದವಳು, ಗಣಿತದಲ್ಲಿ ಶಾಲೆಗೇ ಎರಡನೆಯವಳು. ಕಾಲುವೆ ದಂಡೆಯ ಎರಡನೇ ಕಲ್ಲಿನಿಂದ ಐದನೇ ಕಲ್ಲಿಗೆ ನೀನು ಇಪ್ಪತ್ತು ನಿಮಿಷಕ್ಕೆ ಬರುತ್ತಿದ್ದೆ. ನಾನು ತಾತನ ಗಡಿಯಾರ ಹಿಡಿದು ಕೂತಿರುತ್ತಿದ್ದೆ. ಮೂರು ಕಿಲೋಮೀಟರ್ ಇಪ್ಪತ್ತು ನಿಮಿಷ. ಒಂದಕ್ಕೆ ಆರು ನಿಮಿಷ ನಲವತ್ತು ಸೆಕೆಂಡು. ಹಾಗೆಯೇ ಬರೆದಿದ್ದೇನೆ. ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆ ಇಲ್ಲ.

ಇನ್ನೊಂದು ಮಾತು. ರಜೆಯಲ್ಲಿ ನನ್ನ ಗುಂಪಿನ ಜೊತೆ ಗದ್ದೆಗಿಳಿದವಳು ನೀನು. ಇಪ್ಪತ್ತೆರಡು ಹೆಂಗಸರು ಒಂದೇ ಸಾಲಿನಲ್ಲಿ ನಾಟಿ ಹಚ್ಚುವಾಗ ನಾನು ಹೋದಷ್ಟೇ ವೇಗದಲ್ಲಿ ಉಳಿದವರು ಹೋಗಬೇಕು. ಒಬ್ಬಳು ಮುಂದೆ ಓಡಿದರೆ ಸಾಲು ಕೆಡುತ್ತದೆ, ಜೊತೆಯವರಿಗೆ ಅವಮಾನವಾಗುತ್ತದೆ. ಅಲ್ಲಿಯೂ ಅದೇ ರೀತಿ ಇರು. ಮುಂದಿರುವವರನ್ನು ದಾಟಿ ಮೆರೆಯಬೇಡ. ಸಾಲು ಮುರಿಯಬೇಡ.

ಆದಮ್ಮ


ಲಿಂಗಸುಗೂರು
3 ಆಗಸ್ಟ್ 2025

ಅಜ್ಜಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇಲ್ಲಿ ಬೆಳಗ್ಗೆ ಐದಕ್ಕೆ ಸೀಟಿ. ಐದೂಕಾಲಿಗೆ ಮೈದಾನ. ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿದ್ದಾರೆ. ಒಂದು ಸುತ್ತು ನಾನೂರು ಮೀಟರ್. ನಮಗೆ ಓಟ ಕಲಿಸುವವರು ಶಾವಲಿ ಸರ್. ಅವರ ಕೊರಳಲ್ಲಿ ಎರಡು ಗಡಿಯಾರ ನೇತಾಡುತ್ತಿರುತ್ತವೆ, ಬಾಯಲ್ಲಿ ಯಾವಾಗಲೂ ಶೇಂಗಾ. "ಓಟ ಅಂದ್ರ ಕಾಲಿನ ಕೆಲಸ ಅಲ್ರೇ ಹುಡುಗ್ಯಾರಾ, ಲೆಕ್ಕದ ಕೆಲಸ" ಎನ್ನುತ್ತಾರೆ. ನಿನಗೆ ಅವರು ಹಿಡಿಸುತ್ತಾರೆ.

ನಮ್ಮನ್ನು ಮೂರು ಗುಂಪು ಮಾಡಿದ್ದಾರೆ. ನಾನು ಮೂರನೆಯ ಗುಂಪಿನಲ್ಲಿದ್ದೇನೆ. ಮಸ್ಕಿಯ ದುರ್ಗಾದೇವಿ ಎಂಬವಳು ಮೊದಲನೆಯ ಗುಂಪಿನವಳು. ನನ್ನ ಪಕ್ಕದ ಮಂಚ ಅವಳದ್ದೇ. ಒಳ್ಳೆಯವಳು, ಆದರೆ ನಿದ್ದೆಯಲ್ಲಿಯೂ ಕಾಲು ಆಡಿಸುತ್ತಾಳೆ.

ಒಂದು ವಿಚಿತ್ರ ಹೇಳಲೇ? ಇಲ್ಲಿ ಓಡುವುದು ಬಹಳ ಹಗುರ. ನಮ್ಮ ಗುಂಪಿನ ಜೊತೆ ಎಂಟು ಕಿಲೋಮೀಟರ್ ಓಡಿದರೂ ಉಸಿರು ಮೇಲೆ ಬರುವುದಿಲ್ಲ. ಕಾಲುವೆ ದಂಡೆಯ ಉಬ್ಬು ತಗ್ಗು ಇಲ್ಲದ್ದಕ್ಕೆ ಇರಬೇಕು. ನೀನು ಹೇಳಿದ ಹಾಗೆ ಸಾಲಿನಲ್ಲಿ ನಾಲ್ಕನೆಯವಳಾಗಿ ಓಡುತ್ತೇನೆ. ಒಮ್ಮೆಯೂ ಯಾರನ್ನೂ ದಾಟಿಲ್ಲ.

ನಿನ್ನ ರೇಣುಕಾ


ಜವಳಗೇರಾ
17 ಆಗಸ್ಟ್ 2025

ರೇಣುಕಾದೇವಿಗೆ,

ಹೋಗಿ ಹದಿನೈದು ದಿನಕ್ಕೆ ಒಂದನೆಯದು, ಎರಡನೆಯದು ದಾಟಿ ಮೂರನೆಯ ಗುಂಪಿಗೆ ಏರಿದ್ದೀಯ. ನನಗೆ ಆಶ್ಚರ್ಯವಾಗಲಿಲ್ಲ. ಆದರೂ ಈ ವಿಷಯವನ್ನು ಗದ್ದೆಯಲ್ಲಿ ಹೇಳಿದೆ. ಹೇಳಬೇಕಾದದ್ದನ್ನು ಹೇಳಲೇಬೇಕು.

"ಮೊದಲ್ನೇ ಗುಂಪಿನ್ಯಾಗ ಯಾವಾಕೋ ಮಸ್ಕಿಯಾಕಿ ಇನ್ನೂ ಕುಂತಾಳಂತ. ನಮ್ಮಾಕಿ ಮೂರಕ್ಕ ಹೋಗ್ಯಾಳ" ಎಂದೆ.

ಗ್ಯಾನಮ್ಮ ಸಸಿಯ ಕಟ್ಟನ್ನು ಎದೆಗೆ ಅವುಚಿಕೊಂಡೇ ನಿಂತುಬಿಟ್ಟಳು. ಮೀರಾಬಿ, "ಹಂಗಾರ ದಸರಾಕ್ಕ ಹತ್ತನೇ ಗುಂಪಿಗೆ ಹೋಗ್ತಾಳ ಬಿಡಕ್ಕಾ" ಎಂದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹಿಟ್ಟಿನ ಗಿರಣಿಯಲ್ಲಿ ನನಗೆ ಸರದಿ ಬಿಟ್ಟುಕೊಟ್ಟರು.

ಈ ವರ್ಷ ನೀರು ಹೊತ್ತಿಗೆ ಬಂದಿದೆ. ದಿನಾ ನಾಟಿ. ನಿನಗೆ ಹಗುರವೆನಿಸಿದರೆ ಸಂಶಯಪಡಬೇಡ. ಸರಿಯಾಗಿ ಕಲಿತ ಕೆಲಸ ಹಗುರವಾಗಿಯೇ ಇರುತ್ತದೆ. ಮುಂದಿನ ಕಾಗದದಲ್ಲಿ ನಿನ್ನ ಗುಂಪಿನ ಲೆಕ್ಕ ಬರೆ: ಕಿಲೋಮೀಟರಿಗೆ ಎಷ್ಟು, ಅದನ್ನು ಎಷ್ಟಕ್ಕೆ ಇಳಿಸಬೇಕು, ಯಾವ ತಾರೀಖಿಗೆ. ಗುರಿ ಅಂದರೆ ಅಂಕಿ ಇರಬೇಕು, ತಾರೀಖು ಇರಬೇಕು. ಅಂಕಿ ಇಲ್ಲದ್ದು ಬರೀ ಆಸೆ.

ಆದಮ್ಮ


ಲಿಂಗಸುಗೂರು
7 ಸೆಪ್ಟೆಂಬರ್ 2025

ಅಜ್ಜಿ,

ಈ ಕಾಗದವನ್ನು ಎರಡು ಸಲ ಹರಿದು ಮೂರನೆಯ ಸಲ ಬರೆಯುತ್ತಿದ್ದೇನೆ. ಮೂರನೆಯ ಗುಂಪು ಮೇಲಿನದಲ್ಲ, ಕೊನೆಯದು. ಅರ್ಜಿಯ ಅಂಕಿ ನೋಡಿ ನಿಧಾನವಾಗಿ ಓಡುವವರನ್ನು ಹಾಕಿದ ಗುಂಪು. ನೀನು ಊರಿಗೆಲ್ಲ ಹೇಳಿದ್ದೀಯ ಎಂದು ಓದಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ.

ಇನ್ನೂ ಇದೆ. ಡಿಸೆಂಬರ್ 14ರಂದು ಸಿಂಧನೂರಿನಲ್ಲಿ ಹತ್ತು ಕಿಲೋಮೀಟರ್ ಓಟ. ಮೂರನೆಯ ಗುಂಪಿಗೆ ಸೇರಿದವರೆಲ್ಲ ಅದನ್ನು ನಲವತ್ತೈದು ನಿಮಿಷದೊಳಗೆ ಮುಗಿಸಬೇಕು. ಮುಗಿಸದವರು ಹಾಸ್ಟೆಲು ಬಿಟ್ಟು ಮನೆಗೆ ಹೋಗಬೇಕು. ನೋಟಿಸು ಅಂಟಿಸಿದ್ದಾರೆ. ನಿನ್ನ ಲೆಕ್ಕದಲ್ಲಿಯೇ ನೋಡು: ಆರು ನಲವತ್ತರಂತೆ ಹತ್ತು ಕಿಲೋಮೀಟರಿಗೆ ಅರವತ್ತಾರು ನಿಮಿಷ ನಲವತ್ತು ಸೆಕೆಂಡು. ಇಪ್ಪತ್ತೊಂದು ನಿಮಿಷ ನಲವತ್ತು ಸೆಕೆಂಡು ಹೆಚ್ಚು. ಮೂರು ತಿಂಗಳಲ್ಲಿ ಅದನ್ನು ಎಲ್ಲಿಂದ ಕಡಿಮೆ ಮಾಡಲಿ?

ಶಾವಲಿ ಸರ್ ನನ್ನ ಅರ್ಜಿ ತೆಗೆದು ನೋಡಿ, "ಇದನ್ನ ಯಾರು ಅಳದಿದ್ರು?" ಎಂದರು. ಅಜ್ಜಿ ಎಂದೆ. "ಗಡಿಯಾರ ಯಾವುದು?" ತಾತನದು, ಕೀಲಿ ಕೊಡುವುದು ಎಂದೆ. ಸುತ್ತಲಿದ್ದವರು ನಕ್ಕರು. ಸರ್ ನಗಲಿಲ್ಲ, ಆದರೆ ನಗು ತಡೆದುಕೊಂಡದ್ದು ಕಾಣಿಸಿತು.

ಅಜ್ಜಿ, ನನಗೆ ಇಲ್ಲಿರುವ ಆಸೆ. ಬಹಳ ಆಸೆ. ಆದರೆ ನನ್ನಿಂದ ಆಗುವುದಿಲ್ಲ.

ರೇಣುಕಾ


ಲಿಂಗಸುಗೂರು
28 ಸೆಪ್ಟೆಂಬರ್ 2025

ಅಜ್ಜಿ,

ಮೂರು ವಾರವಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಅವ್ವನಿಗೆ ಫೋನಿನಲ್ಲಿ ಕೇಳಿದೆ. "ನಿಮ್ಮಜ್ಜಿ ಯಾರ ಕೂಡನೂ ಮಾತಾಡವಲ್ಲಳು. ನಸಿಕಿನ್ಯಾಗ ಎದ್ದು ಎಲ್ಲಿಗೋ ಹೋಗ್ತಾಳ" ಎಂದಳು. ಗೂಡಿನಲ್ಲಿ ಇಟ್ಟಿದ್ದ ನನ್ನ ಹಳೆಯ ಬೂಟುಗಳೂ ಕಾಣುತ್ತಿಲ್ಲವಂತೆ. ಸಿಟ್ಟಿನಲ್ಲಿ ಎಸೆದುಬಿಟ್ಟೆಯಾ?

ಬೈಯಬೇಕಾದರೆ ಬೈದು ಬರೆ. ಸುಮ್ಮನಿರಬೇಡ.

ರೇಣುಕಾ


ಜವಳಗೇರಾ
2 ಅಕ್ಟೋಬರ್ 2025

ರೇಣುಕಾ,

ಕೂತು ಓದು. ನಿಂತು ಓದಿದರೆ ಬೀಳುತ್ತೀಯ.

ನಿನ್ನ ಕಾಗದ ಓದಿದ ದಿನ ನನಗೆ ಬಂದ ಸಿಟ್ಟು ನಿನ್ನ ಮೇಲಲ್ಲ. ತಾತನ ಗಡಿಯಾರ ಎಂದದ್ದಕ್ಕೆ ನಕ್ಕರಲ್ಲ, ಅವರ ಮೇಲೆ. ನಿಮ್ಮ ತಾತ ಗದ್ದೆಪ್ಪ ಮೂವತ್ತು ವರ್ಷ ಕಾಲುವೆಯ ಗ್ಯಾಂಗ್‌ಮನ್ ಆಗಿ ಆ ಗಡಿಯಾರ ನೋಡಿಯೇ ಗೇಟು ಎತ್ತಿದವರು, ಇಳಿಸಿದವರು. ಅದನ್ನು ಒಂದು ವಾರ ರೇಡಿಯೋ ವಾರ್ತೆಯ ಹೊತ್ತಿಗೆ ಇಟ್ಟು ನೋಡಿದೆ. ಒಂದು ಸೆಕೆಂಡೂ ಆಚೀಚೆ ಇಲ್ಲ. ಅಂದರೆ ಗಡಿಯಾರದ ತಪ್ಪಲ್ಲ. ಇನ್ನು ನಿನ್ನ ಕಾಲು. ಅದು ನನಗೆ ಗೊತ್ತು, ಸೋಮಾರಿ ಕಾಲಲ್ಲ. ಗಡಿಯಾರವೂ ಅಲ್ಲ, ಕಾಲೂ ಅಲ್ಲ ಅಂದಮೇಲೆ ಉಳಿದದ್ದು ನೆಲ.

ನಾಟಿ ಮುಗಿಯುವವರೆಗೆ ಕಾದೆ. ಮೊನ್ನೆ ಸೋಮವಾರ ನಸುಕಿನಲ್ಲಿ ಗ್ಯಾನಮ್ಮ, ಮೀರಾಬಿ ಇಬ್ಬರನ್ನೂ ಕರೆದುಕೊಂಡು ಕಾಲುವೆಗೆ ಹೋದೆ. ಗದ್ದೆ ಅಳೆಯುವ ನನ್ನ ಹಗ್ಗ ಗೊತ್ತಲ್ಲ, ಮೂವತ್ಮೂರು ಅಡಿಯದು, ಒಂದು ಗುಂಟೆಯ ಒಂದು ಮಗ್ಗುಲು. ಜಮೀನಿನವರು ಎಕರೆಗೆ ಎರಡು ಗುಂಟೆ ನುಂಗುತ್ತಾರೆಂದು ಇಟ್ಟುಕೊಂಡದ್ದು. ಕಿಲೋಮೀಟರ್ ಅಂದರೆ ಮೂರು ಸಾವಿರದ ಇನ್ನೂರಾ ಎಂಬತ್ತೊಂದು ಅಡಿ. ಮೂವತ್ಮೂರರಿಂದ ಭಾಗಿಸಿದರೆ ನೂರಕ್ಕೆ ಅರ್ಧ ಹಗ್ಗ ಕಡಿಮೆ. ಎರಡನೇ ಕಲ್ಲಿಗೆ ಹಗ್ಗದ ತುದಿ ಹಿಡಿದು ಶುರು ಮಾಡಿದೆವು.

"ಬೈಕಿನ ಮೀಟರ್‌ನಾಗ ನೋಡಿದ್ರ ಆಗ್ತಿತ್ತಲ್ಲಕ್ಕಾ" ಎಂದಳು ಮೀರಾಬಿ.

"ಬೈಕು ಸುಳ್ಳು ಹೇಳ್ತೈತಿ. ಹಗ್ಗ ಹೇಳಂಗಿಲ್ಲ. ಹಿಡಿ."

"ಅಲ್ಲ, ಕಾಲುವಿ ಯಾರ ಹೆಸರಿಗೆ ಮಾಡ್ಕೊಳ್ಳಾಕತ್ತೀ?" ಎಂದಳು ಗ್ಯಾನಮ್ಮ.

"ನಿನ್ನ ಗಂಡನ ಹೆಸರಿಗೆ. ಸುಮ್ನ ಎಣಸ ಬೇ. ಎಷ್ಟಾತು?"

"ತೊಂಬತ್ತೊಂಬತ್ತು."

"ಮೂರನೇ ಕಲ್ಲು ಕಾಣ್ತೈತೇನು?"

ಗ್ಯಾನಮ್ಮ ಹುಬ್ಬಿಗೆ ಕೈ ಹಚ್ಚಿ ನೋಡಿದಳು. "ಎಲ್ಲಿ ಕಲ್ಲು, ಏನ್ ಕಥಿ! ಅಲ್ಲೆ ಆ ಜಾಲಿಗಿಡದ ಆಚಿಗೆ ಹಲ್ಲಿನಷ್ಟು ಕಾಣ್ತೈತಿ."

ಹಗ್ಗ ಮುಂದಕ್ಕೆ ಎಳೆದೆ, ರೇಣುಕಾ. ನೂರಾ ಹತ್ತು. ನೂರಾ ಮೂವತ್ತು. ಇಬ್ಬರೂ ನನಗಿಂತ ಜೋರಾಗಿ ಎಣಿಸತೊಡಗಿದರು. ಕಲ್ಲು ಮುಟ್ಟಿದಾಗ ನೂರಾ ಅರವತ್ತು. ಸರಿಯಾಗಿ ನೂರಾ ಅರವತ್ತು ಹಗ್ಗ. ಐದು ಸಾವಿರದ ಇನ್ನೂರಾ ಎಂಬತ್ತು ಅಡಿ. ಅದು ಕಿಲೋಮೀಟರಲ್ಲ. ಮೈಲಿ.

ಅಷ್ಟರಲ್ಲಿ ತಾತನ ಜೊತೆ ಗ್ಯಾಂಗಿನಲ್ಲಿದ್ದ ಅಮೀನ್‌ಸಾಬ್ ಸೈಕಲ್ಲಿನಲ್ಲಿ ಬಂದ. ಕೇಳಿದೆ. ಅವನು ಸೈಕಲ್ಲು ನಿಲ್ಲಿಸಿಕೊಂಡು ನಕ್ಕ. "ಡ್ಯಾಂ ಕಟ್ಟಿದಾಗಿಂದ ಮೈಲಿ ಕಲ್ಲಕ್ಕಾ ಅವು. ಗದ್ದೆಪ್ಪಣ್ಣ ನಿಮಗ ಹೇಳಿಲ್ಲೇನ್ರಿ?"

"ನಾ ಯಾವತ್ತೂ ಕೇಳಿಲ್ಲ" ಎಂದೆ.

ಕೇಳಿಲ್ಲ. ದೊಡ್ಡ ಕಾಲುವೆಗೆ ಮೈಲಿಯ ಲೆಕ್ಕ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಊರ ಮುಂದಿನ ಈ ಉಪಕಾಲುವೆಯ ಗಿಡ್ಡ ಕಲ್ಲುಗಳು ರಸ್ತೆಯ ಕಲ್ಲಿನ ಹಾಗೆ ಕಂಡವು. ರಸ್ತೆಗೆ ಕಿಲೋಮೀಟರ್ ಇದ್ದರೆ ಇದಕ್ಕೂ ಕಿಲೋಮೀಟರ್ ಎಂದು ನಾನೇ ತೀರ್ಮಾನ ಮಾಡಿದೆ. ಗಣಿತದಲ್ಲಿ ಎರಡನೆಯವಳು ನಾನು! ನೀನು ಇಪ್ಪತ್ತು ನಿಮಿಷದಲ್ಲಿ ಓಡಿದ್ದು ಮೂರು ಕಿಲೋಮೀಟರಲ್ಲ, ಐದಕ್ಕೆ ಸ್ವಲ್ಪವೇ ಕಡಿಮೆ. ಮೂರು ಸಲ ಭಾಗಿಸಿ ನೋಡಿದೆ. ಕಿಲೋಮೀಟರಿಗೆ ನಾಲ್ಕು ನಿಮಿಷ ಎಂಟು ಸೆಕೆಂಡು. ನಲವತ್ತೈದು ನಿಮಿಷಕ್ಕೆ ಬೇಕಾದದ್ದು ನಾಲ್ಕೂವರೆ!

ತಪ್ಪು ನನ್ನದು. ಈ ಮಾತನ್ನು ನಾನು ಯಾರಿಗೂ ಬರೆದವಳಲ್ಲ, ಬಾಯಿಂದ ಆಡಿದವಳೂ ಅಲ್ಲ. ಎರಡು ತಪ್ಪು. ಕಲ್ಲಿನದು ಒಂದು. ಸಾಲು ಮುರಿಯಬೇಡ ಎಂದದ್ದು ಇನ್ನೊಂದು. ನಿನಗೆ ಹಗುರವೆನಿಸಿದ್ದು ಯಾಕೆಂದು ಈಗ ತಿಳಿಯಿತಲ್ಲ? ಈ ಕಾಗದ ಹಿಡಿದು ಶಾವಲಿ ಸರ್ ಹತ್ತಿರ ಈಗಲೇ ಹೋಗು. ಚಪ್ಪಲಿ ಹುಡುಕುತ್ತಾ ನಿಲ್ಲಬೇಡ.

ನಿನ್ನ ಬೂಟಿನ ವಿಷಯ ನನಗೆ ಗೊತ್ತಿಲ್ಲ. ಇಲಿ ಒಯ್ದಿರಬೇಕು.

ಆದಮ್ಮ


ಲಿಂಗಸುಗೂರು
19 ಅಕ್ಟೋಬರ್ 2025

ಅಜ್ಜಿ, ಅಜ್ಜಿ, ಅಜ್ಜಿ!

ನಾನು ಬರಿಗಾಲಲ್ಲೇ ಓಡಿದೆ. ಶಾವಲಿ ಸರ್ ನಿನ್ನ ಕಾಗದವನ್ನು ನಿಂತೇ ಓದಿದರು. ನೂರಾ ಅರವತ್ತು ಹಗ್ಗ ಎಂಬಲ್ಲಿಗೆ ಬಂದಾಗ ಬಾಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು.

"ಎರಡೂವರಿ ತಿಂಗಳು ಕುದುರಿ ತಂದು ಕತ್ತಿ ಸಾಲಿನ್ಯಾಗ ಕಟ್ಟೀನಲ್ಲಲೇ! ನೀ ಯಾಕ ಒಮ್ಮೆರ ಮುಂದ ಹೋಗ್ಲಿಲ್ಲ?"

"ಅಜ್ಜಿ ಸಾಲು ಮುರೀಬ್ಯಾಡ ಅಂದಾಳ್ರಿ ಸರ್."

ಸರ್ ಹಣೆ ಹಣೆ ಬಡಿದುಕೊಂಡರು. ಆಮೇಲೆ ನಿನ್ನ ಕಾಗದವನ್ನು ನೆಟ್ಟಗೆ ಮಡಚಿ, "ಆ ಗಡಿಯಾರಕ್ಕ ನನ್ನ ಸಲಾಮು ಬರಿ" ಎಂದರು. ಬರೆದಿದ್ದೇನೆ.

ಮರುದಿನ ಮೈದಾನದಲ್ಲಿ ಐದು ಕಿಲೋಮೀಟರ್ ಓಡಿಸಿದರು, ನನ್ನೊಬ್ಬಳನ್ನೇ, ಮುಂದೆ ಯಾರೂ ಇಲ್ಲ. ಇಪ್ಪತ್ತು ನಿಮಿಷ ಐವತ್ತು ಸೆಕೆಂಡು! ಮೊದಲನೆಯ ಗುಂಪಿಗೆ ಹಾಕಿದ್ದಾರೆ. ದುರ್ಗಾ ನನ್ನನ್ನು ಎತ್ತಿ ತಿರುಗಿಸಿದಳು. ಆದರೆ ಸೇರಿದ್ದು ಮೂರನೆಯ ಗುಂಪಿಗಾದ್ದರಿಂದ ನೋಟಿಸಿನ ಕಾನೂನು ನನಗೆ ಬಿಡುವುದಿಲ್ಲ. ಡಿಸೆಂಬರಿನಲ್ಲಿ ನಲವತ್ತೈದರೊಳಗೆ ಮುಗಿಸಲೇಬೇಕು.

ಈಗ ಕೆಟ್ಟ ಸುದ್ದಿ. ನಿನ್ನೆ ಪೂರ್ತಿ ಹತ್ತು ಕಿಲೋಮೀಟರ್ ಓಡಿಸಿ ನೋಡಿದರು. ಮುಂದೆ ಹೋಗಬಹುದು ಎಂಬುದೇ ತಲೆಗೆ ಏರಿಬಿಟ್ಟಿತ್ತು. ಮೊದಲ ಕಿಲೋಮೀಟರನ್ನು ಮೂರು ನಲವತ್ತೈದಕ್ಕೆ ಓಡಿದೆ, ದುರ್ಗಾಳನ್ನೂ ದಾಟಿ. ಏಳನೆಯದರಲ್ಲಿ ಕಾಲು ಕೆಸರಿಗೆ ಸಿಕ್ಕ ಹಾಗಾಯಿತು. ಕೊನೆಗೆ ನಲವತ್ತಾರು ಇಪ್ಪತ್ತು. "ಈಗ ನಿನ್ನ ವೈರಿ ಗಡಿಯಾರಲ್ಲ, ನಿನ್ನ ಹುರುಪು" ಎಂದರು ಸರ್. ಹುರುಪನ್ನು ತಡೆಯುವುದು ಹೇಗೆ, ಅಜ್ಜಿ? ನಿನಗೆ ಹೇಗೆ ಬರುತ್ತದೆ?

ಮನೆಯ ಇಲಿಗೆ ನನ್ನ ನಮಸ್ಕಾರ ಹೇಳು.

ನಿನ್ನ ರೇಣುಕಾ


ಜವಳಗೇರಾ
2 ನವೆಂಬರ್ 2025

ರೇಣುಕಾ,

ಸಲಾಮು ಮುಟ್ಟಿತು. ಗಡಿಯಾರಕ್ಕೆ ಹೇಳಿದ್ದೇನೆ.

ಹುರುಪು ತಡೆಯುವುದು ಹೇಗೆ ಎಂದು ಕೇಳಿದ್ದೀಯ. ಮೀರಾಬಿ ನನ್ನ ಗುಂಪಿಗೆ ಬಂದ ಮೊದಲ ವರ್ಷದ ಸಂಗತಿ ಹೇಳುತ್ತೇನೆ. ಗದ್ದೆಯ ಮೊದಲ ಮಡಿಯಲ್ಲಿ ಅವಳು ಎಲ್ಲರಿಗಿಂತ ಹತ್ತು ಮಾರು ಮುಂದೆ. ಮಧ್ಯಾಹ್ನ ನಾವು ರೊಟ್ಟಿ ಬಿಚ್ಚುವಾಗ ಬದುವಿನ ಮೇಲೆ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಆ ದಿನ ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ: ಮೊದಲ ಮಡಿಯನ್ನು ಯಾರೂ ಗೆದ್ದಿಲ್ಲ. ಈಗ ಅವಳಷ್ಟು ನಾಟಿ ಹಚ್ಚುವವರು ಮೂರು ಊರಿನಲ್ಲಿಲ್ಲ.

ನಾನು ಬೆಳಗ್ಗೆ ಮಾತಾಡುತ್ತಾ ನಾಟಿ ಹಚ್ಚುತ್ತೇನೆ, ಎಲ್ಲರನ್ನೂ ಮಾತಾಡಿಸುತ್ತೇನೆ. ನಾನು ಹರಟೆಯವಳಲ್ಲ ಎಂದು ನಿನಗೆ ಗೊತ್ತು. ಮಾತು ಹೊರಡುತ್ತಿದ್ದರೆ ಉಸಿರು ಉಳಿದಿದೆ ಎಂದು ಅರ್ಥ. ಊಟದ ಮೇಲೆ ಮಾತಿಲ್ಲ. ಕೊನೆಯ ಮಡಿಯಲ್ಲಿ ಕಣ್ಣು ಕೂಡ ಎತ್ತುವುದಿಲ್ಲ. ಹಾಗೆಯೇ ನಿನ್ನ ಓಟವನ್ನು ಮೂರು ಪಾಲು ಮಾಡು. ಮೊದಲ ಎರಡು ಮೈಲಿ, ಮಾತಾಡಲು ಬರುವಷ್ಟು. ನಡುವಿನ ಎರಡು ಮೈಲಿ, ಬಾಯಿ ಮುಚ್ಚಿಕೊಂಡು. ಕೊನೆಯದು, ಕೊನೆಯ ಮಡಿ.

ನಿನ್ನ ಕಾಲಿಗೆ ಮೈಲಿಯೇ ರೂಢಿ, ಆದ್ದರಿಂದ ಮೈಲಿಯ ಲೆಕ್ಕವನ್ನೇ ಕಟ್ಟಿದ್ದೇನೆ. ಹತ್ತು ಕಿಲೋಮೀಟರ್ ಅಂದರೆ ಆರು ಮೈಲಿ, ಮೇಲೆ ಮೂವತ್ನಾಲ್ಕು ಹಗ್ಗ. ಮೈಲಿಗೆ ಏಳು ನಿಮಿಷ ಹದಿನಾಲ್ಕು ಸೆಕೆಂಡಿನ ಮೇಲೆ ಹೋಗಕೂಡದು. ಎರಡಕ್ಕೆ ಹದಿನಾಲ್ಕು ಇಪ್ಪತ್ತೊಂಬತ್ತು, ಐದಕ್ಕೆ ಮೂವತ್ತಾರು ಹನ್ನೆರಡು, ಆರಕ್ಕೆ ನಲವತ್ಮೂರು ಇಪ್ಪತ್ತೇಳು. ಇದನ್ನು ಬಾಯಿಪಾಠ ಮಾಡು. ವಾರಕ್ಕೊಮ್ಮೆ ಒಂದೇ ವೇಗದಲ್ಲಿ ಆರು ಮೈಲಿ ಓಡಿ, ಪ್ರತಿ ಮೈಲಿಯ ಹೊತ್ತು ಬರೆದು ಕಳಿಸು. ಬೇಗ ಬಂದರೂ ತಪ್ಪು, ತಡವಾದರೂ ತಪ್ಪು.

ದುರ್ಗಾಳ ಹಿಂದೆ ಸಾಲಿನಲ್ಲಿಯೇ ಇರು, ಅವಳಿಗೆ ಅನುಭವವಿದೆ. ಆದರೆ ಸಾಲು ನಿಂತರೆ ನೀನು ನಿಲ್ಲಬೇಡ.

ಓಟದ ದಿನ ನಾನು ಬರುವುದಿಲ್ಲ. ಕೊಯ್ಲಿನ ಮಷಿನ್ ಅದೇ ವಾರ ಬರುತ್ತದೆ, ನೆಲ್ಲು ಒಣಗಿಸಬೇಕು. ಓಟ ಯಾವ ರಸ್ತೆಯಲ್ಲಿ, ಎಲ್ಲಿಂದ ಎಲ್ಲಿಗೆ ಎಂದು ಮಾತ್ರ ಬರೆ. ಸುಮ್ಮನೆ ತಿಳಿದಿರಲಿ ಎಂದು.

ಆದಮ್ಮ


ಜವಳಗೇರಾ
9 ಡಿಸೆಂಬರ್ 2025

ರೇಣುಕಾ,

ನಿನ್ನ ಐದು ವಾರದ ಅಂಕಿಗಳು ಮುಟ್ಟಿದವು. ಕೊನೆಯ ಎರಡು ವಾರದವು ಸರಿ ಇವೆ. ರಸ್ತೆಯ ವಿವರವೂ ಮುಟ್ಟಿತು. ನೆಲ್ಲು ಒಣ ಹಾಕಿದ್ದೇವೆ, ಬರಲು ಆಗುವುದಿಲ್ಲ. ಹಿಂದಿನ ದಿನ ಹೊಸದೇನನ್ನೂ ತಿನ್ನಬೇಡ.

ಆದಮ್ಮ


ಲಿಂಗಸುಗೂರು
15 ಡಿಸೆಂಬರ್ 2025

ಸುಳ್ಳು ಹೇಳುವ ನನ್ನ ಅಜ್ಜಿಗೆ,

ಓಟ ಮುಗಿದು ನಿನ್ನನ್ನು ಹುಡುಕಿದರೆ ನೀನು ಇರಲೇ ಇಲ್ಲ. "ನೆಲ್ಲು ಕಾಯಾಕ ಬಸ್ ಹತ್ತಿ ಹೋದಳು" ಎಂದಳು ಅವ್ವ. ನೀನು ಕಂಡದ್ದು ಒಂದು ನಿಮಿಷ. ಉಳಿದದ್ದನ್ನು ಹೇಳುತ್ತೇನೆ.

ಕ್ರೀಡಾಂಗಣದ ಮುಂದೆ ಆರೂವರೆಗೆ ಸೀಟಿ ಊದಿದರು. ಸಾಲಗುಂದದ ಕಡೆಯ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ ತಿರುಗಬೇಕು. ರಸ್ತೆಯ ಅರ್ಧಕ್ಕೆ ನೆಲ್ಲು ಹರವಿದ್ದರು. ಮತ್ತೆ ಹುರುಪು ಏರಿತು. ದುರ್ಗಾಳ ಪಕ್ಕಕ್ಕೆ ಬಂದೆ, ಇನ್ನೇನು ದಾಟಬೇಕು, ಅಷ್ಟರಲ್ಲಿ ನೆಲ್ಲಿನ ರಾಶಿಯ ಪಕ್ಕ ನಿಂತಿದ್ದ ಹೆಂಗಸೊಬ್ಬಳು ಮೊಬೈಲು ಎತ್ತಿ ಕೂಗಿದಳು: "ಆರು ಐವತ್ತು! ಏ ಹುಡುಗಿ, ಜಲ್ದಿ ಬಂದಿ! ಮೊದಲ್ನೇ ಮಡಿ ಐತಿ ಬೇ, ಮಾತಾಡು, ಮಾತಾಡು!"

ಗ್ಯಾನಮ್ಮತ್ತೆ! ನಗು ಬಂದುಬಿಟ್ಟಿತು. "ಚಾ ಆತೇನಬೇ ಅತ್ತೀ?" ಎಂದೆ.

"ಆತು, ಆತು! ನೀ ಹಗೂರ್ಕ ಓಡು!"

ಪಕ್ಕದಲ್ಲಿದ್ದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ದುರ್ಗಾಳ ಹಿಂದೆ ಸಾಲಿಗೆ ಬಿದ್ದೆ. ಎರಡನೆಯ ಮೈಲಿಯಲ್ಲಿ ನಿನ್ನ ಗುಂಪಿನವಳೇ ಇನ್ನೊಬ್ಬಳು. "ಹದಿನಾಕು ಮೂವತ್ತು! ಬರೋಬರ್ ಐತಿ!" ಮೂರಕ್ಕೆ ಒಬ್ಬಳು, ತಿರುಗಿ ಬರುವಾಗ ನಾಲ್ಕಕ್ಕೆ ಒಬ್ಬಳು. ಆ ರಸ್ತೆಯಲ್ಲಿ ಮೈಲಿಯ ಕಲ್ಲೇ ಇಲ್ಲ, ಅಜ್ಜಿ. ಹಿಂದಿನ ಭಾನುವಾರ ನೀವೆಲ್ಲ ಹಗ್ಗ ಹಿಡಿದು ಅಷ್ಟೂ ರಸ್ತೆ ಅಳೆದಿರಂತೆ. ಸೀಟಿ ಊದಿದ ಕೂಡಲೇ ಅವ್ವ ಎಲ್ಲರಿಗೂ ಒಟ್ಟಿಗೆ ಫೋನು ಹಚ್ಚಿ, ಮೊಬೈಲಿನ ಗಡಿಯಾರ ಶುರು ಮಾಡಲು "ಹೂಂ, ಒತ್ತ್ರಿ!" ಎಂದಳಂತೆ. ಎಲ್ಲ ಆಮೇಲೆ ಗೊತ್ತಾಯಿತು.

ನಾಲ್ಕು ದಾಟಿದ ಮೇಲೆ ದುರ್ಗಾಳಿಗೆ ಪಕ್ಕೆ ಹಿಡಿಯಿತು. ಸಾಲು ನಿಧಾನವಾಯಿತು. ನನಗೆ ಗೊತ್ತಾಗುತ್ತಿತ್ತು. ಗೊತ್ತಿದ್ದೂ ದಾಟಲಿಲ್ಲ. ಬೇಗ ಓಡಿ ಕೆಟ್ಟ ನೆನಪು ಒಂದು ಕಡೆ, ಮುಂದಿರುವವಳ ಬೆನ್ನು ಒಂದು ಕಡೆ. ಐದರಲ್ಲಿ ಮೀರಾಬಿ ಅತ್ತೆ ಹೆಚ್ಚುಕಡಿಮೆ ನನ್ನ ಜೊತೆಗೇ ಓಡಿ ಬಂದಳು: "ಮೂವತ್ತಾರು ಇಪ್ಪತ್ತೆರಡು! ಹತ್ತು ಸೆಕೆಂಡು ಹಿಂದ ಅದೀ! ಸಾಲು ನಿಂತೈತಿ, ನೀ ಯಾಕ ನಿಂತೀಯಲೇ?"

ಆದರೂ ಆಗಲಿಲ್ಲ, ಅಜ್ಜಿ. ಕಾಲಿನಲ್ಲಿ ಬಲವಿತ್ತು. ದಾಟುವುದಕ್ಕೆ ಮನಸ್ಸೇ ಏಳಲಿಲ್ಲ.

ಆರನೆಯದರಲ್ಲಿ ನೀನು ನಿಂತಿದ್ದೆ. ಹೆಗಲಿಗೆ ಹಗ್ಗ, ಕೈಯಲ್ಲಿ ತಾತನ ಗಡಿಯಾರ. ನೀನು ಕೂಗಿದ್ದನ್ನು ಜೀವ ಇರುವವರೆಗೆ ಮರೆಯುವುದಿಲ್ಲ. "ನಲವತ್ಮೂರು ನಲವತ್ತು! ಮೂವತ್ನಾಕು ಹಗ್ಗ ಉಳದಾವ! ಇನ್ಮ್ಯಾಲ ನನ್ನ ಮಾತು ಕೇಳಬ್ಯಾಡ. ಸಾಲು ಮುರಿ, ನನ್ನವ್ವಾ, ಮುರಿ!"

ಮುರಿದೆ. ದುರ್ಗಾ ತಾನೇ ಪಕ್ಕಕ್ಕೆ ಸರಿದು ಬೆನ್ನಿಗೆ ಒಂದು ಏಟು ಕೊಟ್ಟಳು. "ಹೋಗಲೇ!" ಹಗ್ಗ ಎಣಿಸುತ್ತಾ ಹೋದೆ. ಇಪ್ಪತ್ತರವರೆಗೆ ನೆನಪಿದೆ. ಆಮೇಲೆ ಕಿವಿಯಲ್ಲಿ ಬರೀ ಗಾಳಿ. ಶಾವಲಿ ಸರ್ ಎರಡೂ ಗಡಿಯಾರ ಮೇಲೆತ್ತಿ ಕುಣಿಯುತ್ತಿದ್ದರು.

ನಲವತ್ನಾಲ್ಕು ನಿಮಿಷ ಐವತ್ತೆರಡು ಸೆಕೆಂಡು.

ಎಂಟು ಸೆಕೆಂಡು ಉಳಿಯಿತು ಅಜ್ಜಿ! ಹಾಸ್ಟೆಲಿನಲ್ಲಿ ನನ್ನ ಮಂಚ ನನ್ನದೇ. ನಿನ್ನೆ ನೋಟಿಸಿನ ಮೇಲೆ ನನ್ನ ಹೆಸರಿನ ಮುಂದೆ ಸರ್ ಹಸಿರು ಗೆರೆ ಎಳೆದರು.

ಇನ್ನೊಂದು. ನಿನ್ನ ಕಾಲಿನಲ್ಲಿ ನನ್ನ ಹಳೆಯ ಬೂಟುಗಳಿದ್ದವು. ಓಡುತ್ತಲೇ ನೋಡಿದೆ. ನಮ್ಮ ಮನೆಯ ಇಲಿ ಬಹಳ ದೊಡ್ಡದಿದೆ.

ನಿನ್ನ ರೇಣುಕಾ


ಜವಳಗೇರಾ
21 ಡಿಸೆಂಬರ್ 2025

ರೇಣುಕಾ,

ಆ ದಿನ ಸಿಂಧನೂರಿಗೆ ನಾನು ಬಂದದ್ದು ಗೋಣಿಚೀಲ ಕೊಳ್ಳಲು. ದಾರಿಯಲ್ಲಿ ನೀನು ಸಿಕ್ಕೆ.

ಎಂಟು ಸೆಕೆಂಡು ಉಳಿಸಿದ್ದಕ್ಕೆ ಕುಣಿಯಬೇಡ. ನಾಲ್ಕರಿಂದ ಆರರ ನಡುವೆ ನೀನು ಕಳೆದದ್ದು ಹದಿಮೂರು ಸೆಕೆಂಡು. ಅದು ಕಾಲಿನ ತಪ್ಪಲ್ಲ, ನಾನು ಕಲಿಸಿದ್ದರ ತಪ್ಪು; ಇದನ್ನೂ ಬರೆದುಕೊಡುತ್ತೇನೆ. ಮುಂದಿನ ಅಂಕಿ ನಲವತ್ಮೂರು ಮೂವತ್ತು. ತಾರೀಖು ಶಾವಲಿ ಸರ್ ಹೇಳಲಿ. ದುರ್ಗಾದೇವಿಗೆ ಪಕ್ಕೆ ನೋವು ಹೋಯಿತೇ ಕೇಳು. ಸಂಕ್ರಾಂತಿಗೆ ಅವಳನ್ನೂ ಕರೆದುಕೊಂಡು ಬಾ. ದಾರಿ ಬಿಟ್ಟುಕೊಡುವುದು ಓಡುವುದಕ್ಕಿಂತ ಕಷ್ಟ. ನನಗೆ ಅದಕ್ಕೆ ಅರವತ್ತೆರಡು ವರ್ಷ ಹಿಡಿಯಿತು.

ಊರಿನವರಿಗೆ ನಾನೇ ಹೇಳಿದೆ, ಮೂರನೆಯ ಗುಂಪೆಂದರೆ ಕೊನೆಯದಾಗಿತ್ತು, ಈಗ ಮೊದಲನೆಯದರಲ್ಲಿದ್ದಾಳೆ ಎಂದು. ಗಿರಣಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. "ಮೂರರಿಂದ ಒಂದಕ್ಕ ಇಳದಾಳೇನು, ಪಾಪ" ಎಂದರು. ಅವರಿಗೆ ತಿಳಿಹೇಳುವಷ್ಟರಲ್ಲಿ ಹಿಟ್ಟು ತಣ್ಣಗಾಯಿತು.

ಬೂಟನ್ನು ಇಲಿ ಒಯ್ದಿಲ್ಲ. ಮುಂದೆ ಸ್ವಲ್ಪ ಅರಿವೆ ತುರುಕಿದರೆ ಸರಿಯಾಗಿ ಕೂಡುತ್ತವೆ. ಸೆಪ್ಟೆಂಬರಿನಲ್ಲಿ ನಸುಕಿಗೆ ಎದ್ದು ಗಡಿಯಾರ ಹಿಡಿದು ದಂಡೆಯ ಮೇಲೆ ನಡೆದು ನೋಡುತ್ತಿದ್ದೆ, ಅದು ರೂಢಿಯಾಗಿಬಿಟ್ಟಿತು. ನಿಮ್ಮವ್ವನಿಗೆ ಹೇಳಬೇಡ, ಮೊಣಕಾಲಿಗೆ ಎಣ್ಣೆ ಹಿಡಿದು ಬೆನ್ನು ಹತ್ತುತ್ತಾಳೆ. ಸಿಂಧನೂರಿನಲ್ಲಿ ಗೋಡೆಯ ಮೇಲಿನ ಹಾಳೆ ಓದಿದೆ. ಅರವತ್ತು ದಾಟಿದ ಹೆಂಗಸರಿಗೆ ಐದು ಕಿಲೋಮೀಟರ್ ಇತ್ತಂತೆ. ಹೆಸರು ಕೊಟ್ಟವರು ಮೂವರೇ. ಮೂವರನ್ನೂ ನೋಡಿದೆ. ಮೊದಲ ಮಡಿಯಲ್ಲಿಯೇ ಓಡಿಬಿಟ್ಟರು.

ಇವತ್ತು ಬೆಳಗ್ಗೆ ಎರಡನೇ ಕಲ್ಲಿನಿಂದ ಮೂರನೇ ಕಲ್ಲಿಗೆ ನನಗೆ ಹದಿನೈದು ನಿಮಿಷ ಐವತ್ತು ಸೆಕೆಂಡು. ಮಾತಾಡಿಕೊಂಡೇ ಹೋದೆ, ಗ್ಯಾನಮ್ಮನಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ಮುಂದಿನ ಡಿಸೆಂಬರಿಗೆ ನಾನು ಎಷ್ಟರ ಗುರಿ ಇಟ್ಟುಕೊಳ್ಳಬೇಕು, ವಾರಕ್ಕೆ ಎಷ್ಟು ದಿನ, ಯಾವ ವೇಗದಲ್ಲಿ ಎಂದು ಶಾವಲಿ ಸರ್ ಅವರನ್ನು ಕೇಳಿ ಬರೆ. ಆದಮ್ಮ ಕೇಳಿದ್ದಾಳೆ ಎಂದೇ ಹೇಳು.

ಕೇಳುವಾಗ ಅದು ಮೈಲಿಯ ಕಲ್ಲು ಎಂದು ಮೊದಲು ಹೇಳು.

ನಿನ್ನ ಅಜ್ಜಿ